ಫ್ಲಾಮೆಂಕೊದ ಮಡಿ ಮತ್ತು ಕಾಮರೋನನ ಕಂಠ

1979ರಲ್ಲಿ ‘ಲಾ ಲೆಯೆಂದಾ ದೆಲ್ ತಿಯೆಂಪೊ’ ಎಂಬ ರೆಕಾರ್ಡು ಸ್ಪೇನಿನ ಅಂಗಡಿಗಳಿಗೆ ಬಂದಾಗ, ಅದನ್ನು ಕೊಂಡುಹೋದ ಹಲವು ಅಭಿಮಾನಿಗಳು ಇದು ತಮ್ಮ ಮೆಚ್ಚಿನ ಗಾಯಕ ಕಾಮರೋನನ ಹಾಡಲ್ಲವೆಂದು ಹಿಂದಿರುಗಿಸಿದರೆಂಬ ಸಂಗತಿ ದಕ್ಷಿಣ ಸ್ಪೇನಿನ ಹಾಡು-ಕುಣಿತದ ಪರಂಪರೆಯಾದ ಫ್ಲಾಮೆಂಕೊದ ಚರಿತ್ರೆಯಲ್ಲಿ ಇಂದಿಗೂ ಚರ್ಚೆಯಾಗುತ್ತದೆ. ಸಿಟ್ಟಿಗೆದ್ದವರಲ್ಲಿ ಅವನದೇ ಜನರಾದ ಹಿತಾನೊಗಳು, ಅಂದರೆ ಸ್ಪೇನಿನ ಜಿಪ್ಸಿಗಳು, ಬಹಳಷ್ಟಿದ್ದರು. ಡ್ರಮ್ಸ್, ಬೇಸ್ ಗಿಟಾರ್ ಮತ್ತು ಕೀಬೋರ್ಡುಗಳ ನಡುವೆ ತಮ್ಮ ಹಾಡು ಮೈಲಿಗೆಯಾಯಿತೆಂದು ಅವರಿಗೆ ಅನ್ನಿಸಿತ್ತು. ಈ ಮಡಿಯ ಪ್ರಶ್ನೆ ಕಾಮರೋನನಿಗಿಂತ ಬಹಳ ಹಳೆಯದು.

1922ರ ಜೂನ್ ತಿಂಗಳಲ್ಲಿ ಸಂಗೀತ ರಚನಕಾರ ಮಾನುಯೆಲ್ ದೆ ಫಾಯಾ ಮತ್ತು ಆಗಿನ್ನೂ ತರುಣನಾಗಿದ್ದ ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ ಮೊದಲಾದವರು ಗ್ರನಾದಾದ ಅಲ್‌ಹಂಬ್ರಾದಲ್ಲಿ ‘ಕಾಂತೆ ಹೊಂಡೊ’, ಎಂದರೆ ಆಳದ ಹಾಡು, ಅದರ ಸ್ಪರ್ಧೆಯೊಂದನ್ನು ಏರ್ಪಡಿಸಿದ್ದರು. ಕೆಫೆಗಳ ವೇದಿಕೆಯಲ್ಲಿ ದುಡಿಮೆಗಾಗಿ ಹಾಡುವವರ ಕೈಯಲ್ಲಿ ಹಳೆಯ ಹಾಡು ಕೆಡುತ್ತಿದೆಯೆಂಬ ಆತಂಕದಿಂದ ಅವರು ವೃತ್ತಿಪರ ಗಾಯಕರನ್ನು ಸ್ಪರ್ಧೆಯಿಂದ ಹೊರಗಿಟ್ಟರು. ಅಲ್ಲಿ ಬಹುಮಾನ ಪಡೆದವರಲ್ಲಿ ಒಬ್ಬ ಹುಡುಗ ಮುಂದೆ ಮಾನೊಲೊ ಕರಕೋಲ್ ಎಂಬ ಹೆಸರಿನಿಂದ ದೇಶಕ್ಕೆಲ್ಲ ಪರಿಚಿತನಾದ, ಅದೂ ಪಿಯಾನೊ ಮತ್ತು ವಾದ್ಯವೃಂದಗಳೊಂದಿಗೆ ರಂಗದ ಮೇಲೆ ಹಾಡುವ ಗಾಯಕನಾಗಿ. ನಾಲ್ಕು ದಶಕಗಳ ನಂತರ ಅಂತೋನಿಯೊ ಮೈರೇನಾ ಅದೇ ಮಡಿಯನ್ನು ಇನ್ನಷ್ಟು ಬಿಗಿಗೊಳಿಸಿದ. 1962ರಲ್ಲಿ ಕೋರ್ದೊಬಾದಲ್ಲಿ ‘ಹಾಡಿನ ಚಿನ್ನದ ಕೀಲಿಕೈ’ ಎಂಬ ಅಪರೂಪದ ಗೌರವ ಪಡೆದ ಈ ವಿದ್ವಾಂಸ ಗಾಯಕ ಮರೆಯಾಗುತ್ತಿದ್ದ ಎಷ್ಟೋ ಹಾಡುಗಳನ್ನು ಹುಡುಕಿ ಉಳಿಸಿದ್ದಾನೆ. ಆ ಋಣ ದೊಡ್ಡದು. ಆದರೆ ಉಳಿಸಿದ್ದನ್ನು ಮುಟ್ಟಬಾರದೆಂಬ ಭಾವನೆಯೂ ಅವನ ಅನುಯಾಯಿಗಳಲ್ಲಿ ಬೆಳೆಯಿತು.

ಕಾಮರೋನ್ ಬೆಳೆದದ್ದು ಈ ವಾತಾವರಣದಲ್ಲಿ. ಹೊಸೆ ಮೊಂಖೆ ಕ್ರೂಸ್ ಎಂಬ ಹೆಸರಿನ ಅವನು 1950ರ ಡಿಸೆಂಬರ್ 5ರಂದು ಕಾದಿಸ್ ಬಳಿಯ ಸಾನ್ ಫೆರ್ನಾಂದೊದಲ್ಲಿ ಹುಟ್ಟಿದ. ಆ ಊರನ್ನು ಜನ ‘ಲಾ ಇಸ್ಲಾ’, ಅಂದರೆ ದ್ವೀಪ ಎಂದೇ ಕರೆಯುತ್ತಾರೆ. ಬಿಳಿಚು ಮೈಬಣ್ಣ ಮತ್ತು ಹೊಂಬಣ್ಣದ ಕೂದಲನ್ನು ಕಂಡು ಚಿಕ್ಕಪ್ಪನೊಬ್ಬ ಅವನನ್ನು ‘ಕಾಮರೋನ್’, ಎಂದರೆ ಸಿಗಡಿ ಎಂದು ಕರೆದ. ತಂದೆ ಕಮ್ಮಾರ, ತಾಯಿ ಬುಟ್ಟಿ ಹೆಣೆಯುವವಳು, ಚೆನ್ನಾಗಿ ಹಾಡುವವಳೂ ಹೌದು. ಗಿಟಾರಿನ ಆಸರೆಯಿಲ್ಲದೆ ಬರಿಯ ಕಂಠದಲ್ಲಿ ಹಾಡುವ ‘ಮಾರ್ತಿನೇತೆ’ ಎಂಬ ಪ್ರಕಾರ ಕುಲುಮೆಯ ಹಾಡೆಂದೇ ಹೆಸರಾದದ್ದು, ಸುತ್ತಿಗೆಯ ಪೆಟ್ಟೇ ಅದರ ಲಯ. ಅಂಥ ಮನೆಯ ಹುಡುಗ ಊರಿನ ‘ವೆಂತಾ ದೆ ವಾರ್ಗಾಸ್’ ಎಂಬ ಹೋಟೆಲಿನಲ್ಲಿ ಗಿರಾಕಿಗಳ ಮುಂದೆ ಹಾಡಿ ಕಾಸು ಸಂಪಾದಿಸುತ್ತಿದ್ದ. ಅಲ್ಲಿಗೆ ಬಂದ ಕರಕೋಲ್ ಈ ಹುಡುಗನ ಹಾಡನ್ನು ಕೇಳಿಯೂ ಮೆಚ್ಚುಗೆ ತೋರಲಿಲ್ಲವೆಂದೂ, ಆ ನೋವು ಹುಡುಗನ ಮನಸ್ಸಿನಲ್ಲಿ ಬಹುಕಾಲ ಉಳಿಯಿತೆಂದೂ ಹೇಳುತ್ತಾರೆ.

ಹದಿಹರೆಯ ಮುಗಿಯುವ ಮೊದಲೇ ಅವನು ಮ್ಯಾಡ್ರಿಡ್ ಸೇರಿ ‘ತೋರೆಸ್ ಬೆರ್ಮೇಹಾಸ್’ ಎಂಬ ಫ್ಲಾಮೆಂಕೊ ಪ್ರದರ್ಶನದ ತಾಣದಲ್ಲಿ ರಾತ್ರಿಗಳನ್ನು ಹಾಡಿ ಕಳೆದ. ಅಲ್ಲಿ ಜೊತೆಯಾದ ಗಿಟಾರ್ ವಾದಕ ಪಾಕೊ ದೆ ಲೂಸಿಯಾನೊಂದಿಗೆ 1969ರಿಂದ 1977ರವರೆಗೆ ಅವನು ಮುದ್ರಿಸಿದ ರೆಕಾರ್ಡುಗಳು ಅವನನ್ನು ಪೀಳಿಗೆಯ ದೊಡ್ಡ ಗಾಯಕನನ್ನಾಗಿ ಮಾಡಿದವು. ಸೊಲೆಆ, ಬುಲೇರಿಯಾದಂಥ ಪ್ರಕಾರಗಳು ಹನ್ನೆರಡು ಮಾತ್ರೆಗಳ ಆವರ್ತದಲ್ಲಿ ನಡೆಯುತ್ತವೆ. ಪೆಟ್ಟು ಸಾಮಾನ್ಯವಾಗಿ 3, 6, 8, 10 ಮತ್ತು 12ರಲ್ಲಿ ಬೀಳುತ್ತದೆ. ನಮ್ಮ ತಾಳಕ್ಕೆ ಒಗ್ಗಿದ ಕಿವಿಗೆ ಸಮದ, ಅಂದರೆ ಆವರ್ತದ ಮೊದಲ ಪೆಟ್ಟಿನ, ನಿರೀಕ್ಷೆಯೇ ಇಲ್ಲಿ ತಪ್ಪುತ್ತದೆ, ಏಕೆಂದರೆ ಸಾಲು ಸಾಮಾನ್ಯವಾಗಿ ಹತ್ತರಲ್ಲಿ ನಿಲ್ಲುತ್ತದೆ. ಕಾಮರೋನ್ ಸಾಲನ್ನು ಮಾತ್ರೆಗಿಂತ ತಡವಾಗಿ ಎತ್ತಿಕೊಂಡು, ಉಸಿರು ಮುಗಿಯಿತೆನ್ನುವಷ್ಟು ಎಳೆದು, ಹತ್ತಕ್ಕೆ ಸರಿಯಾಗಿ ತಂದು ಇಡುತ್ತಿದ್ದ.

1979ರ ರೆಕಾರ್ಡನ್ನು ರೂಪಿಸಿದವನು ನಿರ್ಮಾಪಕ ರಿಕಾರ್ದೊ ಪಾಚೋನ್. ಗಿಟಾರಿಗೆ ತರುಣ ತೊಮಾತಿತೊ ಬಂದ, ರಾಕ್ ಸಂಗೀತಗಾರರು ಸೇರಿದರು, ಹಲವು ಹಾಡುಗಳಿಗೆ ಲೋರ್ಕಾನ ಕಾವ್ಯವೇ ಸಾಹಿತ್ಯವಾಯಿತು. ಹಾಡಿನ ಮೂಲರೂಪ ಉಳಿಯಲೆಂದು 1922ರಲ್ಲಿ ಹೋರಾಡಿದ ಕವಿಯ ಮಾತುಗಳೇ ಈ ಹೊಸ ಪ್ರಯೋಗಕ್ಕೆ ಒದಗಿದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕೊನೆಯ ಹಾಡು ಒಂದು ಜೋಗುಳ. ಅದರಲ್ಲಿ ಗ್ವಾಲ್ಬೆರ್ತೊ ಎಂಬ ವಾದಕ ಸಿತಾರ್ ನುಡಿಸಿದ್ದಾನೆ; ಹಿತಾನೊಗಳೂ ಸೇರಿದ ರೋಮಾ ಜನರ ಪೂರ್ವಜರು ಭಾರತದಿಂದ ಹೊರಟವರೆಂಬುದನ್ನು ಬಲ್ಲವರಿಗೆ ಆ ತಂತಿಯ ನಾದ ಅಪರಿಚಿತವಾಗಿ ಕೇಳಿಸದು. ಅಷ್ಟಾದರೂ ಗಾಯಕ ಬದುಕಿರುವವರೆಗೆ ಆ ರೆಕಾರ್ಡಿನ ಮಾರಾಟ ಆರು ಸಾವಿರ ಪ್ರತಿಗಳನ್ನೂ ತಲುಪಲಿಲ್ಲವೆನ್ನಲಾಗಿದೆ.

ಮುಂದಿನ ವರ್ಷಗಳಲ್ಲಿ ಅವನು ಹಳೆಯ ಪ್ರಕಾರಗಳಿಗೂ ಮರಳಿದ, 1989ರಲ್ಲಿ ಲಂಡನ್ನಿನ ರಾಯಲ್ ಫಿಲ್ಹಾರ್ಮೋನಿಕ್ ವಾದ್ಯವೃಂದದೊಂದಿಗೂ ಹಾಡಿದ. ಮಾದಕ ವಸ್ತು ಮತ್ತು ಸಿಗರೇಟು ದೇಹವನ್ನು ಸವೆಸಿದ್ದವು. 1992ರ ಜುಲೈ 2ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ಬಾರ್ಸಿಲೋನಾ ಬಳಿಯ ಬದಲೋನಾದಲ್ಲಿ ತೀರಿಕೊಂಡಾಗ ಅವನಿಗೆ 41 ವರ್ಷ. ಸಾನ್ ಫೆರ್ನಾಂದೊದ ಬೀದಿಗಳಲ್ಲಿ ಅವನ ಶವಪೆಟ್ಟಿಗೆಯನ್ನು ಮುಟ್ಟಲು ಜನ ಮುಗಿಬಿದ್ದರು.

2000ದಲ್ಲಿ, ಮೈರೇನಾನ ನಂತರ ಯಾರಿಗೂ ಸಂದಿರದ ಚಿನ್ನದ ಕೀಲಿಕೈ ಮರಣೋತ್ತರವಾಗಿ ಕಾಮರೋನನಿಗೆ ಬಂತು. ಒಮ್ಮೆ ಅಂಗಡಿಗೆ ಮರಳಿದ್ದ ಆ ರೆಕಾರ್ಡಿನ ಹಾಡುಗಳನ್ನು ಅಷ್ಟರಲ್ಲಿ ಹಿತಾನೊ ಮನೆಗಳ ಮಕ್ಕಳು ಬಾಯಿಪಾಠ ಹಾಡುತ್ತಿದ್ದರು.