ಟೊಮೇಟೊ ಬಾಕ್ಸಿಗೆ ಒಂದೂಮುಕ್ಕಾಲು ಕೋಟಿ ಬಾಡಿಗೆ

ಕೋಲಾರದ ಎಪಿಎಂಸಿಯಲ್ಲಿ ಟೊಮೇಟೊ ಕೂಗುವುದು 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ. ಆ ಬಾಕ್ಸು ಚೆನ್ನೈ ಮಂಡಿಗೆ ಹೋಗುವ ಬದಲು ಶ್ರೀಹರಿಕೋಟಾಕ್ಕೆ ಹೋಗಿ ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ ಹತ್ತಿದರೆ ಬಾಡಿಗೆ ಎಷ್ಟಾದೀತು? 2018ರ ಜೂನ್‌ನಲ್ಲಿ ಕೇಂದ್ರ ಸಂಪುಟ 30 ಪಿಎಸ್‌ಎಲ್‌ವಿ ಹಾರಾಟಗಳಿಗೆ 6,131 ಕೋಟಿ ರೂಪಾಯಿ ಮಂಜೂರು ಮಾಡಿತು. ಅಂದರೆ ಒಂದಕ್ಕೆ ಸುಮಾರು 204 ಕೋಟಿ. 600 ಕಿ.ಮೀ. ಎತ್ತರದ ಧ್ರುವೀಯ ಕಕ್ಷೆಗೆ (ಧ್ರುವಗಳ ಮೇಲಿಂದ ಸುತ್ತುವ ದಾರಿ) ಅದು ಹೊರುವುದು 1,750 ಕೆಜಿ. ಕೆಜಿಗೆ 11.7 ಲಕ್ಷ, ಬಾಕ್ಸಿಗೆ ಒಂದೂಮುಕ್ಕಾಲು ಕೋಟಿ!

ಇದು ಲೋಡು ಭರ್ತಿಯಾದಾಗಿನ ದರ. ಉಪಗ್ರಹದ ತೂಕ 1,000 ಕೆಜಿಯೇ ಇದ್ದರೆ ಕೆಜಿಗೆ 20 ಲಕ್ಷ ದಾಟುತ್ತದೆ. ಉಳಿದ ಜಾಗಕ್ಕೆ ಬೇರೆಯವರ ಪುಟ್ಟ ಉಪಗ್ರಹಗಳನ್ನು ಹತ್ತಿಸಿಕೊಳ್ಳುವುದು ಅದಕ್ಕೇ.

ಇಷ್ಟರಲ್ಲಿ ಇಂಧನದ್ದು ಸಣ್ಣ ಪಾಲು. ದುಡ್ಡು ತಿನ್ನುವುದು ತಯಾರಿಕೆ ಮತ್ತು ತಪಾಸಣೆ. ಬುಡದಲ್ಲಿರುವ ಮೊದಲ ಹಂತದ ಕವಚ ಮರೇಜಿಂಗ್ ಎಂಬ ಅತಿ ಗಟ್ಟಿ ಉಕ್ಕಿನದು, ಅಡ್ಡಳತೆ 2.8 ಮೀಟರ್. ಅದರ ಐದು ತುಂಡುಗಳಲ್ಲಿ 138 ಟನ್ ಘನ ಇಂಧನವನ್ನು ಎರಕ ಹೊಯ್ಯಬೇಕು. ಒಳಗೊಂದು ಬಿರುಕು ಉಳಿದರೂ ಉರಿಯುವ ಮೇಲ್ಮೈ ಒಮ್ಮೆಲೇ ಹಿಗ್ಗುತ್ತದೆ, ಒತ್ತಡ ಏರುತ್ತದೆ, ಕವಚ ಸಿಡಿಯಬಹುದು. ಇಷ್ಟು ಜೋಪಾನ ಮಾಡಿದ ಸರಕು ಎರಡು ನಿಮಿಷದೊಳಗೆ ಉರಿದು ಬಂಗಾಳಕೊಲ್ಲಿಗೆ ಬೀಳುತ್ತದೆ. ಮೇಲಿನ ಮೂರು ಹಂತಗಳೂ ಒಂದೇ ಬಳಕೆಯವು. ಸಾಲದ್ದಕ್ಕೆ ಶ್ರೀಲಂಕಾದ ಮೇಲೆ ಹಾರದಿರಲು ಬಳಸು ದಾರಿ ಹಿಡಿಯಬೇಕು, ಅದರಿಂದಲೂ ಹೊರೆ ಕಡಿಮೆಯಾಗುತ್ತದೆ.

ಹಾಗಿದ್ದರೆ ಇಳಿಸಿ ಮತ್ತೆ ಬಳಸಬಾರದೇ? ಪಿಎಸ್‌ಎಲ್‌ವಿಯಲ್ಲಿ ಆಗದು. ಘನ ಇಂಧನಕ್ಕೆ ಒಮ್ಮೆ ಬೆಂಕಿ ತಗುಲಿತೆಂದರೆ ನಡುವೆ ಆರಿಸಿ ಮತ್ತೆ ಹೊತ್ತಿಸುವಂತಿಲ್ಲ. ಇಳಿಯಲು ಬೇಕಾದದ್ದೇ ಹಾಗೆ ಆರಿಸಿ ಹೊತ್ತಿಸುವುದು. ದ್ರವ ಇಂಧನದ ವಿಕಾಸ್ ಎಂಜಿನ್ನನ್ನು ನಿಲ್ಲಿಸಿ ಮತ್ತೆ ಉರಿಸುವ ಪರೀಕ್ಷೆಯನ್ನು ಇಸ್ರೋ 2025ರ ಜನವರಿಯಲ್ಲಿ ಮಾಡಿದೆ. ಆದರೆ ಚೆನ್ನೈಗೆ ಹೋದ ಲಾರಿ ವಾಪಸಿಗೆ ಅಲ್ಲೇ ಡೀಸೆಲ್ ತುಂಬಿಸಿಕೊಳ್ಳುತ್ತದೆ. ರಾಕೆಟ್ ವಾಪಸಿನ ಇಂಧನವನ್ನೂ ಇಲ್ಲಿಂದಲೇ ಹೊತ್ತೊಯ್ಯಬೇಕು. ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ ಭೂಸ್ಥಿರ ವರ್ಗಾವಣೆ ಕಕ್ಷೆಗೆ (ಸಂಪರ್ಕ ಉಪಗ್ರಹಗಳು ಎತ್ತರದ ಭೂಸ್ಥಿರ ಕಕ್ಷೆಗೆ ಹೋಗುವ ನಡುವಿನ ಮೆಟ್ಟಿಲು) ಬಿಸಾಡುವ ಲೆಕ್ಕದಲ್ಲಿ 8.3 ಟನ್ ಒಯ್ಯುತ್ತದೆ, ವಾಪಸ್ ಇಳಿಯುವ ಲೆಕ್ಕದಲ್ಲಿ ಸುಮಾರು 5.5 ಟನ್.

ಈ ನಷ್ಟ ತುಂಬುವುದು ಟ್ರಿಪ್ಪುಗಳು ಹೆಚ್ಚಿದಾಗ. 2024ರಲ್ಲಿ ಫಾಲ್ಕನ್ ನೂರಕ್ಕೂ ಹೆಚ್ಚು ಸಲ ಹಾರಿತು. ಅದರ ಬದಲು ವರ್ಷಕ್ಕೆ ಐದೇ ಉಡಾವಣೆ, ಒಂದು ಬೂಸ್ಟರ್ (ವಾಪಸ್ ಇಳಿಯುವ ಮೊದಲ ಹಂತ) ಹತ್ತು ಸಲ ಬಾಳುತ್ತದೆ ಎಂದುಕೊಳ್ಳಿ. ಆಗ ಕಾರ್ಖಾನೆ ಎರಡು ವರ್ಷಕ್ಕೊಂದು ಬೂಸ್ಟರ್ ಕಟ್ಟಿದರೆ ಸಾಕು. ಯಂತ್ರ, ಸಂಬಳ, ಉಡಾವಣಾ ವೇದಿಕೆಯ ಖರ್ಚು ಮಾತ್ರ ಅಷ್ಟೇ ಇರುತ್ತದೆ. ಬಿಸಾಡುವುದು ತಪ್ಪಿದರೆ ಬಾಡಿಗೆ ತಾನಾಗಿ ಇಳಿಯುತ್ತದೆ ಎಂಬ ಮಾತನ್ನು ಒಪ್ಪುವುದು ಕಷ್ಟ.

ನಮ್ಮ ದೊಡ್ಡ ತೊಡಕು ಹೊರುವ ಶಕ್ತಿಯದು. ಸಂಪುಟ 10 ಹಾರಾಟಗಳಿಗೆ 4,338 ಕೋಟಿ ಕೊಟ್ಟ ಇಸ್ರೋದ ದೊಡ್ಡ ರಾಕೆಟ್ ಎಲ್‌ವಿಎಂ3ರ ಮಿತಿ ಭೂಸ್ಥಿರ ವರ್ಗಾವಣೆ ಕಕ್ಷೆಗೆ ಸುಮಾರು 4 ಟನ್. ಹಾಗಾಗಿ 4,700 ಕೆಜಿಯ ಜಿಸ್ಯಾಟ್-ಎನ್2 ಉಪಗ್ರಹ 2024ರ ನವೆಂಬರ್‌ನಲ್ಲಿ ಅಮೆರಿಕಕ್ಕೆ ಹೋಗಿ ಫಾಲ್ಕನ್ ಹತ್ತಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 8,240 ಕೋಟಿಗೆ ಒಪ್ಪಿಗೆ ಪಡೆದ ಮುಂದಿನ ಪೀಳಿಗೆಯ ರಾಕೆಟ್‌ಗೆ ಹಾಕಿಕೊಂಡ ಗುರಿ: ಎಲ್‌ವಿಎಂ3ರ ಮೂರು ಪಟ್ಟು ಹೊರೆ, ಒಂದೂವರೆ ಪಟ್ಟು ವೆಚ್ಚ, ಮರುಬಳಕೆಯಾಗುವ ಮೊದಲ ಹಂತ. ಗಡುವು 8 ವರ್ಷ. ಭೂಮಿಗೆ ಹತ್ತಿರದ ಕೆಳಕಕ್ಷೆಗೆ ಅದು 30 ಟನ್‌ವರೆಗೆ ಹೊರಬೇಕು. ಅಷ್ಟು ಲೋಡು ಹೊಂದಿಸುವುದು ಬೇರೆಯೇ ಕೆಲಸ.