ಹೆಸರು ಗೊತ್ತು, ಕೆಲಸ ಗೊತ್ತಿಲ್ಲ

ಇಂಗ್ಲಿಷ್ ಉತ್ತರಪತ್ರಿಕೆ ತಿದ್ದಲು ಕೂತರೆ ಒಂದು ವಾಕ್ಯ ಮಾತ್ರ ತಪ್ಪದೆ ಸಿಗುತ್ತದೆ. 'ಕವಿ ಇಲ್ಲಿ ಪರ್ಸಾನಿಫಿಕೇಶನ್ ಬಳಸಿದ್ದಾರೆ, ಇದರಿಂದ ಕವಿತೆಯ ಸೊಗಸು ಹೆಚ್ಚಿದೆ.' ಪರ್ಸಾನಿಫಿಕೇಶನ್ ಅಂದರೆ ಜೀವವಿಲ್ಲದ್ದನ್ನು ಜೀವವಿರುವವರಂತೆ ಕಾಣಿಸುವುದು. ಅದನ್ನು ತೆಗೆದು ಆ ಜಾಗದಲ್ಲಿ ಮೆಟಫರ್ (ರೂಪಕ) ಹಾಕಿ, ಅಲಿಟರೇಶನ್ (ಅಕ್ಕಪಕ್ಕದ ಪದಗಳು ಒಂದೇ ಸದ್ದಿನಿಂದ ಶುರುವಾಗುವುದು) ಹಾಕಿ, ವಾಕ್ಯಕ್ಕೆ ಏನೂ ಆಗುವುದಿಲ್ಲ. ಯಾವ ಪದ ತುರುಕಿದರೂ ಒಪ್ಪಿಕೊಳ್ಳುವ ವಾಕ್ಯಕ್ಕೆ ನಾನು ಯಾವುದಕ್ಕೆ ಅಂತ ಮಾರ್ಕ್ಸ್ ಕೊಡಲಿ?

ಇದನ್ನು ಬರೆದ ಹುಡುಗ ಓದಿಲ್ಲ ಅಂತಲ್ಲ. ಪಾಪ, ಅರವತ್ತು ಎಪ್ಪತ್ತು ಪದಗಳ ಪಟ್ಟಿ ಇಟ್ಟುಕೊಂಡು ಉರು ಹೊಡೆದಿರುತ್ತಾನೆ. ಪದದ ಹೆಸರು ಗೊತ್ತು, ಅರ್ಥವೂ ಗೊತ್ತು. ಆ ಸಾಲಿನಲ್ಲಿ ಅದು ಏನು ಕೆಲಸ ಮಾಡುತ್ತಿದೆ ಅನ್ನುವುದನ್ನು ಮಾತ್ರ ಯಾರೂ ಅವನನ್ನು ಕೇಳಿಲ್ಲ.

ಒಂದು ಸಾಲು ನೋಡೋಣ. 'ದಿ ಸ್ಟ್ರೀಟ್ ಸ್ವಾಲೋಡ್ ಹಿಮ್.' ಬೀದಿ ಅವನನ್ನು ನುಂಗಿತು. ಬೀದಿಗೆ ಬಾಯಿಲ್ಲ, ಆದ್ದರಿಂದ ಇದು ಪರ್ಸಾನಿಫಿಕೇಶನ್ ಅಂತ ಬರೆದು ಎಲ್ಲರೂ ಮುಂದಕ್ಕೆ ಹೋಗುತ್ತಾರೆ. ಒಂದು ನಿಮಿಷ ನಿಲ್ಲಿ. 'ಅವನು ಬೀದಿಗಿಳಿದು ಮರೆಯಾದ' ಅಂತ ಬರೆಯಬಹುದಿತ್ತಲ್ವಾ? ಆಗ ನಡೆಯುವವನು ಅವನೇ ಆಗುತ್ತಿದ್ದ. ಇಲ್ಲಿ ಕೆಲಸವೆಲ್ಲ ಬೀದಿಯದು, ಅವನು ಬರೀ ತುತ್ತು. ನುಂಗುವುದು ಅಂದರೆ ಅಗಿಯುವಷ್ಟೂ ಹೊತ್ತಿಲ್ಲ, ಒಂದೇ ಸಲಕ್ಕೆ ಮುಗಿಯಿತು. ನುಂಗಿದ್ದು ವಾಪಸ್ ಬರುವುದೂ ಇಲ್ಲ. ಇಷ್ಟನ್ನು ಎರಡು ಸಾಲಿನಲ್ಲಿ ಬರೆದರೆ ಸಾಕು. ಪರ್ಸಾನಿಫಿಕೇಶನ್ ಅನ್ನುವ ಪದ ಆಮೇಲೆ ಬಂದರೂ ಆಯಿತು.

ಪದಗಳನ್ನು ಮತ್ತೊಮ್ಮೆ ನೋಡಿಕೊಳ್ಳುವಾಗ ಇಂಗ್ಲಿಷ್ ಅಕ್ಷರಮಾಲೆಯ ಕ್ರಮ ಹಿಡಿದು ಹೋಗಬೇಡಿ. ಒಂದಕ್ಕೊಂದು ಕಲಸಿಹೋಗುವ ಪದಗಳನ್ನು ಜೋಡಿ ಮಾಡಿಕೊಳ್ಳಿ. ತಪ್ಪು ಹುಟ್ಟುವುದೇ ಅಲ್ಲಿ. ಮೆಟೊನಿಮಿ ಮತ್ತು ಸಿನೆಕ್‌ಡಕಿ ಕೇಳಿದ ಕೂಡಲೇ ತರಗತಿಯಲ್ಲಿ ಅರ್ಧ ಜನ ತಲೆ ತಗ್ಗಿಸುತ್ತಾರೆ. ಆದರೆ 'ದುಡಿಯೋ ಕೈ ಒಂದು, ತಿನ್ನೋ ಬಾಯಿ ಐದು' ಅಂತ ನಾವೇ ಮಾತಾಡುತ್ತೇವೆ. ಕೈ, ಬಾಯಿ ಮನುಷ್ಯನ ಅಂಗಗಳು. ಅಂಗ ಹೇಳಿ ಇಡೀ ಆಳನ್ನು ತೋರಿಸಿದರೆ ಸಿನೆಕ್‌ಡಕಿ. 'ಕುರ್ಚಿಗಾಗಿ ಕಿತ್ತಾಟ' ಅಂದಾಗ ಯಾರೂ ಮರದ ಕುರ್ಚಿಗೆ ಹೊಡೆದಾಡುತ್ತಿಲ್ಲ. ಕುರ್ಚಿ ಅಧಿಕಾರದ ಅಂಗವಲ್ಲ, ಅದರ ಜೊತೆ ಅಂಟಿಕೊಂಡ ವಸ್ತು. ಅದು ಮೆಟೊನಿಮಿ. ಹೀಗೆ ನಿಮ್ಮದೇ ಮಾತಿನಿಂದ ಎತ್ತಿಕೊಂಡ ಉದಾಹರಣೆ ಮರೆಯುವುದು ಕಷ್ಟ.

ಐರನಿಯ ಕಥೆ ಇನ್ನೊಂದು ಥರ. ಕೆಟ್ಟದ್ದು ಏನಾದರೂ ಆದರೆ ಸಾಕು, ಐರನಿ ಅಂತ ಬರೆದುಬಿಡುತ್ತಾರೆ. ಪರೀಕ್ಷೆ ದಿನವೇ ಹೊಟ್ಟೆ ಕೆಟ್ಟರೆ ಅದು ಗ್ರಹಚಾರ. ಪರೀಕ್ಷೆ ದಿನ ಆರೋಗ್ಯ ಕೆಡಬಾರದು ಅಂತ ಕುಡಿದ ಟಾನಿಕ್‌ನಿಂದಲೇ ಹೊಟ್ಟೆ ಕೆಟ್ಟರೆ ಅದು ಐರನಿ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ನಡುವೆ ಆ ತಿರುವು ಇರಬೇಕು. ಇದು ಸನ್ನಿವೇಶದ ಐರನಿ. ಹೇಳುವುದು ಒಂದು, ಅರ್ಥ ಅದರ ಉಲ್ಟಾ ಆದರೆ ಮಾತಿನ ಐರನಿ. ಪಾತ್ರಕ್ಕೆ ಗೊತ್ತಿಲ್ಲದ್ದು ನೋಡುವವರಿಗೆ ಮೊದಲೇ ಗೊತ್ತಿದ್ದರೆ ಡ್ರಮ್ಯಾಟಿಕ್ ಐರನಿ. ಸುಮ್ನೆ ಐರನಿ ಅಂತ ಬಿಡಬೇಡಿ, ಯಾವ ಬಗೆ ಅಂತ ಹೇಳಿ.

ಟೋನ್ ಮತ್ತು ಮೂಡ್: ಮೊದಲನೆಯದು ಬರೆದವರ ಧೋರಣೆ, ಎರಡನೆಯದು ಓದುವವರ ಮನಸ್ಸಿಗೆ ತಟ್ಟುವ ವಾತಾವರಣ. ಸಾವಿನ ಮನೆಯನ್ನು ತಮಾಷೆಯಾಗಿ ವರ್ಣಿಸಿದರೆ ಟೋನ್ ಹಗುರ, ಆದರೆ ಓದುವವರಿಗೆ ಕಸಿವಿಸಿ. ಆಕ್ಸಿಮೊರಾನ್ ಎರಡು ಎದುರಾಳಿ ಪದಗಳು ಪಕ್ಕಪಕ್ಕ ಕೂತದ್ದು, 'ಓಪನ್ ಸೀಕ್ರೆಟ್' ಇದ್ದ ಹಾಗೆ. ಗ್ರೀಕ್‌ನಲ್ಲಿ 'ಆಕ್ಸಿಸ್' ಅಂದರೆ ಚೂಪು, 'ಮೋರೋಸ್' ಅಂದರೆ ಮೊಂಡು. ಹೆಸರೇ ಉದಾಹರಣೆ! ಪ್ಯಾರಡಾಕ್ಸ್ ಆದರೆ ಇಡೀ ಹೇಳಿಕೆಯೇ ತನ್ನನ್ನು ತಾನು ಅಲ್ಲಗಳೆಯುವಂತೆ ಕಂಡು, ಯೋಚಿಸಿದಾಗ ನಿಜ ಅನ್ನಿಸುವುದು.

ಕನ್ನಡದಲ್ಲಿ ಅಲಂಕಾರ ಓದಿದವರಿಗೆ ಸಿಮಿಲಿ ಅಂದರೆ ಉಪಮೆ, ಮೆಟಫರ್ ಅಂದರೆ ರೂಪಕ ಅಂತ ಸಲೀಸಾಗಿ ಹೊಂದುತ್ತದೆ. ಅದೇ ಉಮೇದಿನಲ್ಲಿ ಹೈಪರ್ಬಲಿಯನ್ನು ಉತ್ಪ್ರೇಕ್ಷೆ ಅಂತ ನೆನಪಿಟ್ಟುಕೊಂಡರೆ ಎಡವಟ್ಟು. ದಿನದ ಮಾತಿನಲ್ಲಿ ಉತ್ಪ್ರೇಕ್ಷೆ ಅಂದರೆ ಹಿಗ್ಗಿಸಿ ಹೇಳುವುದು, ನಿಜ. ಅಲಂಕಾರವಾಗಿ ಉತ್ಪ್ರೇಕ್ಷೆ ಬೇರೆಯೇ: ಒಂದನ್ನು ಇನ್ನೊಂದೇನೋ ಎಂದು ಕಲ್ಪಿಸುವುದು. ಹೈಪರ್ಬಲಿಗೆ ಹತ್ತಿರವಾದದ್ದು ಅತಿಶಯೋಕ್ತಿ. ಇನ್ನು ಅಲಿಟರೇಶನ್‌ಗೆ ನಮ್ಮ ಲಿಪಿಯೇ ಒಳ್ಳೆ ಸಾಧನ. ಅದು ಇಂಗ್ಲಿಷ್ ಅಕ್ಷರದ ಲೆಕ್ಕ ಅಲ್ಲ, ಸದ್ದಿನ ಲೆಕ್ಕ. 'ಸಿಟಿ' ಮತ್ತು 'ಕ್ಯಾಟ್' ಇಂಗ್ಲಿಷ್‌ನಲ್ಲಿ ಒಂದೇ ಅಕ್ಷರದಿಂದ ಶುರುವಾಗುತ್ತವೆ, 'ನೈಫ್' ಮತ್ತು 'ನೆಸ್ಟ್' ಬೇರೆ ಬೇರೆ ಅಕ್ಷರಗಳಿಂದ. ಕನ್ನಡದಲ್ಲಿ ಬರೆದ ತಕ್ಷಣ ಯಾವ ಜೋಡಿ ಅಲಿಟರೇಶನ್ ಅಂತ ಕಣ್ಣಿಗೇ ಕಾಣುತ್ತದೆ.

ಈಥೋಸ್, ಪೇಥೋಸ್, ಲೋಗೋಸ್ ಅರಿಸ್ಟಾಟಲ್ ಕಾಲದಿಂದ ಬಂದ ಮೂರು ಪದಗಳು, ಕೇಳುವವರನ್ನು ಒಪ್ಪಿಸುವ ಮೂರು ದಾರಿಗಳ ಹೆಸರು. ಹೇಳುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ಮಾತಿನೊಳಗಿನ ತರ್ಕ. ಅಂಕಿ ಕಂಡ ಕೂಡಲೇ ಲೋಗೋಸ್ ಅಂತ ಬರೆಯುವ ಚಾಳಿ ಮಾತ್ರ ಬಿಡಿ. '20 ವರ್ಷದಿಂದ ಹೃದಯದ ಆಪರೇಷನ್ ಮಾಡುತ್ತಿದ್ದೇನೆ' ಅನ್ನುವ ಮಾತಿನಲ್ಲಿ ಅಂಕಿ ಇದೆ, ಆದರೆ ಅದು ಕೇಳುತ್ತಿರುವುದು 'ನನ್ನನ್ನು ನಂಬಿ' ಅಂತ. ಅದು ಈಥೋಸ್.

ಪ್ರಬಂಧದ ಪದಗಳಲ್ಲಿ ಜಾಸ್ತಿ ಪೆಟ್ಟು ಕೊಡುವುದು ಥೀಸಿಸ್, ಅಂದರೆ ಪ್ರಬಂಧದ ಮುಖ್ಯ ವಾದ. 'ಈ ಪ್ರಬಂಧ ಮೊಬೈಲ್ ಬಳಕೆಯ ಬಗ್ಗೆ' ಅನ್ನುವುದು ಬರೀ ವಿಷಯ. 'ಮೊಬೈಲ್ ನಮ್ಮ ಸಮಯಕ್ಕಿಂತ ನಮ್ಮ ಬೇಸರವನ್ನು ಕಿತ್ತುಕೊಂಡಿದೆ, ನಷ್ಟ ಆಗಿರುವುದು ಅದರಿಂದಲೇ' ಅಂದರೆ ಥೀಸಿಸ್. ಪರೀಕ್ಷಿಸುವುದು ಸುಲಭ: ಓದಿದವರು 'ನಾನು ಒಪ್ಪಲ್ಲ' ಅನ್ನಲು ಜಾಗ ಇದೆಯಾ? ಇಲ್ಲದಿದ್ದರೆ ನೀವಿನ್ನೂ ಏನೂ ವಾದಿಸಿಲ್ಲ. 1580ರಲ್ಲಿ ಫ್ರಾನ್ಸಿನ ಮೊಂಟೇನ್ ತನ್ನ ಬರಹಗಳಿಗೆ 'ಎಸ್ಸೆ' ಅಂತ ಹೆಸರಿಟ್ಟಾಗ ಅದಕ್ಕೆ ಪ್ರಯತ್ನ ಅಂತ ಅರ್ಥ. ನಿಲುವು ತೆಗೆದುಕೊಂಡು ಅದು ನಿಲ್ಲುತ್ತದಾ ಅಂತ ಬರೆಯುತ್ತಾ ನೋಡುವುದು.

'ಪರೀಕ್ಷೆಯಲ್ಲಿ ಪದವೇ ಮರೆತುಹೋದರೆ ಏನು ಮಾಡಲಿ ಸರ್?' ಇದನ್ನು ಪ್ರತಿ ವರ್ಷ ಕೇಳುತ್ತಾರೆ. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಭಾಷಣದ ಬಗ್ಗೆ ಒಮ್ಮೆ ಪ್ರಶ್ನೆ ಕೊಟ್ಟಿದ್ದೆ. ಸಾಲು ಸಾಲಿಗೂ ಒಂದೇ ಮಾತಿನಿಂದ ಶುರು ಮಾಡುವುದಕ್ಕೆ ಇರುವ ಅನಾಫೊರಾ ಅನ್ನುವ ಪದ ಒಬ್ಬ ಹುಡುಗಿಗೆ ನೆನಪಾಗಿರಲಿಲ್ಲ. ಆ ಜಾಗ ಖಾಲಿ ಬಿಟ್ಟು ಹೀಗೆ ಬರೆದಿದ್ದಳು: 'ಐ ಹ್ಯಾವ್ ಎ ಡ್ರೀಮ್ ಅಂತ ಪ್ರತಿ ಸಲ ಅಲ್ಲಿಂದಲೇ ಶುರು ಮಾಡುತ್ತಾರೆ. ಮೂರನೇ ಸಲ ಬರುವಷ್ಟರಲ್ಲಿ ಕೇಳುವವರು ಅವರಿಗಿಂತ ಮುಂಚೆ ಮನಸ್ಸಿನಲ್ಲಿ ಅದನ್ನು ಹೇಳಿಕೊಂಡಿರುತ್ತಾರೆ. ಆಮೇಲೆ ಆ ಕನಸು ಅವರೊಬ್ಬರದೇ ಅಲ್ಲ.' ಅನಾಫೊರಾ ಅಂತ ಸರಿಯಾಗಿ ಬರೆದು ಅಲ್ಲಿಗೇ ನಿಲ್ಲಿಸಿದ್ದವರಿಗಿಂತ ಅವಳಿಗೆ ಜಾಸ್ತಿ ಮಾರ್ಕ್ಸ್ ಹಾಕಿದೆ. ಖಾಲಿ ಜಾಗದಲ್ಲಿ ಕೆಂಪು ಪೆನ್ನಿನಿಂದ ಪದವನ್ನು ನಾನೇ ಬರೆದೆ.