ಸ್ಪ್ರೇ ಹೊಡೆದು ವಾಪಸ್ ಕಳಿಸುವ ಮುನ್ನ

ನಮ್ಮ ಚಿಕ್ಕಮಗಳೂರು ಕಡೆ ಆಗಸ್ಟ್‌ನಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ, ಅಷ್ಟರಲ್ಲಿ ಶಾಲಾ ಕ್ರೀಡಾಕೂಟ ಶುರುವಾಗಿರುತ್ತದೆ. ಹೋಬಳಿ ಮಟ್ಟ ಮುಗಿದರೆ ತಾಲ್ಲೂಕು, ಅದಾದ ಮೇಲೆ ಜಿಲ್ಲೆ. ಆ ದಿನಗಳಲ್ಲಿ ಸಂಜೆ ಹೊತ್ತು ತುರ್ತು ಚಿಕಿತ್ಸಾ ವಿಭಾಗಕ್ಕೆ ಜೆರ್ಸಿ ಸಮೇತ ಮಕ್ಕಳು ಬರುತ್ತಾರೆ. ಮಂಡಿ ಗಾಯದ ಮೇಲೆ ಕಾಫಿ ಪುಡಿ ಮೆತ್ತಿರುತ್ತದೆ. ಕಾಫಿ ನಾಡು, ಪುಡಿಗೇನು ಬರ! ಆದರೆ ಅದನ್ನು ಉಜ್ಜಿ ತೆಗೆಯುವಾಗ ಮಗು ಬಿದ್ದಾಗ ಅತ್ತದ್ದಕ್ಕಿಂತ ಜಾಸ್ತಿ ಅಳುತ್ತದೆ. ತರಚು ಗಾಯಕ್ಕೆ ಸುರಿಯುವ ನೀರು, ಸೋಪು, ಒಂದು ಶುಭ್ರ ಬಟ್ಟೆ ಸಾಕು. ಟಿಟಿ ಇಂಜೆಕ್ಷನ್ ಯಾವಾಗ ಆಗಿದೆ ಎಂದು ಕೇಳಿಕೊಳ್ಳಿ. ಅಲ್ಲಿಗೆ ಆ ವಿಷಯ ಮುಗಿಯಿತು.

ನನಗೆ ಚಿಂತೆ ಇರುವುದು ಬೇರೆ ಕಡೆ. ಪಿಇ ಮೇಷ್ಟ್ರು, ಕ್ಲಬ್ ಕೋಚ್, ಯುವಕ ಸಂಘದ ಹುಡುಗರು, ಇವರಲ್ಲಿ ಯಾರಿಗೂ ಕಾಳಜಿ ಕಡಿಮೆ ಇಲ್ಲ. ಆದರೆ ನಿಧಾನ ಮಾಡಬೇಕಾದ ಕಡೆ ಅವಸರ ಮಾಡುತ್ತಾರೆ. ಒಂದು ನಿಮಿಷವೂ ಕಾಯಬಾರದ ಕಡೆ ಸುಮ್ನೆ ನೋಡುತ್ತಾ ನಿಲ್ಲುತ್ತಾರೆ.

ಕಬಡ್ಡಿಯನ್ನೇ ನೋಡಿ. ರೈಡರ್ ಕಾಲು ಸಿಕ್ಕಿಬಿತ್ತು, ಮೇಲೆ ನಾಲ್ಕು ಜನ ಬಿದ್ದರು. ಎಲ್ಲರೂ ಎದ್ದರು, ಒಬ್ಬ ಏಳಲಿಲ್ಲ. ತಕ್ಷಣ ಇಬ್ಬರು ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸುತ್ತಾರೆ, ಮೂರನೆಯವನು ನೀರು ಕುಡಿಸುತ್ತಾನೆ. ಇದು ಬೇಡ. ಮಲಗಿದ್ದಲ್ಲೇ ಮಾತಾಡಿಸಿ. ಕತ್ತು ನೋಯುತ್ತಿದೆಯಾ? ಕೈ ಕಾಲು ಜೋಮು ಹಿಡಿದಿದೆಯಾ? ಬೆರಳು ಆಡಿಸಲು ಆಗುತ್ತಾ? ಕತ್ತು ನೋವು ಅಂದರೆ, ಕೈ ಕಾಲಲ್ಲಿ ಶಕ್ತಿ ಇಲ್ಲ ಅಂದರೆ ಅಲ್ಲಾಡಿಸಬೇಡಿ. ಒಬ್ಬರು ತಲೆಯ ಎರಡೂ ಬದಿ ಅಂಗೈ ಇಟ್ಟು ಇದ್ದ ಹಾಗೇ ಹಿಡಿದುಕೊಳ್ಳಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಿ. ಮಳೆ ಬಂದರೆ ಮೇಲೆ ಟಾರ್ಪಾಲ್ ಹಿಡಿಯಿರಿ. ಪಂದ್ಯ ನಿಂತರೆ ನಿಲ್ಲಲಿ.

ತಲೆಗೆ ಪೆಟ್ಟು ಬಿದ್ದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: 'ನಿನ್ನ ಹೆಸರೇನು?' ಮೆದುಳು ಚೆನ್ನಾಗಿ ಅಲುಗಿದ ಹುಡುಗನೂ ಹೆಸರು ಹೇಳುತ್ತಾನೆ. ಇದು ಯಾವ ಗ್ರೌಂಡ್, ಈಗ ಯಾವ ಹಾಫ್, ಕೊನೆಯ ಪಾಯಿಂಟ್ ತೆಗೆದದ್ದು ಯಾರು, ಹಿಂದಿನ ಪಂದ್ಯ ಯಾರ ಮೇಲೆ ಆಡಿದಿರಿ, ಗೆದ್ದಿರಾ ಸೋತಿರಾ ಎಂದು ಕೇಳಿ. ಇಲ್ಲಿ ತಡವರಿಸಿದರೆ ಆವತ್ತಿನ ಆಟ ಮುಗಿಯಿತು. ಎಲ್ಲ ಸರಿ ಹೇಳಿದರೂ ತಲೆನೋವು, ತಲೆ ಸುತ್ತು, ಮಂಕು, ಕಣ್ಣಿಗೆ ಎರಡೆರಡು ಕಾಣುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಇದರಲ್ಲಿ ಒಂದಿದ್ದರೂ ಅಷ್ಟೇ. ಪ್ರಜ್ಞೆ ತಪ್ಪಲೇಬೇಕು ಅಂತೇನಿಲ್ಲ. 'ಸಾರ್, ಫೈನಲ್ ಇದೆ, ಅವನೇ ಮೇನ್ ರೈಡರ್' ಎನ್ನುವವರಿಗೆ ನಾನು 2019ರ ಲಾರ್ಡ್ಸ್ ಟೆಸ್ಟ್ ನೆನಪಿಸುತ್ತೇನೆ. ಇಂಗ್ಲೆಂಡ್ ವೇಗಿ ಆರ್ಚರ್ ಎಸೆತ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಕತ್ತಿಗೆ ಬಡಿಯಿತು. ಪರೀಕ್ಷೆಯಲ್ಲಿ ಪಾಸಾಗಿ ಆವತ್ತೇ ವಾಪಸ್ ಬ್ಯಾಟಿಂಗಿಗೆ ಬಂದರು. ಮಾರನೇ ದಿನ ಬೆಳಗ್ಗೆ ಮಂಕು, ತಲೆನೋವು. ಅವರ ಜಾಗಕ್ಕೆ ಲಬುಶೇನ್ ಇಳಿದರು. ಪಕ್ಕದಲ್ಲೇ ತಂಡದ ಡಾಕ್ಟರ್ ಇದ್ದವರ ಕಥೆ ಇದು. ನಮ್ಮಲ್ಲಿ ಪಕ್ಕದಲ್ಲಿ ಇರುವುದು ನೋವಿನ ಸ್ಪ್ರೇ ಡಬ್ಬಿ, ಅಲ್ವಾ?

ಹಾಗಾಗಿ ಅನುಮಾನ ಬಂದರೂ ಕೂರಿಸಿ, ಒಬ್ಬನೇ ಬಸ್ಸಿಗೆ ಕಳಿಸಬೇಡಿ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್ ಆದರೆ ತಕ್ಷಣ ಆಸ್ಪತ್ರೆ. ಮನೆಯವರಿಗೂ ಇದನ್ನೇ ಹೇಳಿ. ಡಾಕ್ಟರ್ ನೋಡಿ ಸರಿ ಅನ್ನುವವರೆಗೆ ಪ್ರಾಕ್ಟೀಸ್ ಇಲ್ಲ.

ಕಾಲು ಉಳುಕಿದರೆ ನಮ್ಮಲ್ಲಿ ತಜ್ಞರಿಗೆ ಕೊರತೆ ಇಲ್ಲ. ಒಬ್ಬ ನೀವುತ್ತಾನೆ, ಇನ್ನೊಬ್ಬ ಲಟಕ್ ಅನ್ನಿಸಿ ಎಳೆಯುತ್ತಾನೆ. ಎರಡೂ ಬೇಡ. ಐಸನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲು ಎತ್ತರದಲ್ಲಿಡಿ. ಬ್ಯಾಂಡೇಜ್ ಸುತ್ತಿದ ಮೇಲೆ ಬೆರಳು ತಣ್ಣಗಾದರೆ, ನೀಲಿಯಾದರೆ ಸಡಿಲಿಸಿ. ನಾಲ್ಕು ಹೆಜ್ಜೆ ಊರಿ ನಡೆಯಲು ಆಗದಿದ್ದರೆ, ಗಿಣ್ಣಿನ ಮೂಳೆಯನ್ನೇ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು. ಬೆಳೆಯುವ ಮಕ್ಕಳ ಮೂಳೆ ತುದಿಯಲ್ಲಿ ಬೆಳವಣಿಗೆಯ ಪದರ ಇರುತ್ತದೆ. ಅಲ್ಲಿ ಪೆಟ್ಟಾಗಿದ್ದರೂ ನೋಡಲು ಉಳುಕಿನ ಹಾಗೇ ಕಾಣುತ್ತದೆ. ಬಿಗಿಯಾಗಿ ಕಟ್ಟು ಹಾಕಿಸಿ ವಾರ ಕಳೆದ ಮೇಲೆ ತೋರಿಸಲು ಬರುತ್ತಾರಲ್ಲ, ಅದು ಬಹಳ ಕಷ್ಟ ಕೊಡುತ್ತದೆ. ಸ್ಪ್ರೇ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ಅಷ್ಟೇ.

ಈಗ ನಿಮಿಷವೂ ಕಾಯಬಾರದ ವಿಷಯ. ಯಾರೂ ಮುಟ್ಟಿಲ್ಲ, ಓಡುತ್ತಿದ್ದ ಹುಡುಗ ದಿಢೀರ್ ಕುಸಿದ. ಅಥವಾ ಲೆದರ್ ಬಾಲ್ ಎದೆಗೆ ಬಡಿದು ಒಂದೆರಡು ಹೆಜ್ಜೆ ಇಟ್ಟು ಬಿದ್ದ. ಹೃದಯ ನಿಂತಿರಬಹುದು. ಬಿದ್ದ ಕೂಡಲೇ ಕೈ ಕಾಲು ಸ್ವಲ್ಪ ಅದುರಬಹುದು. ಬಾಯಿ ತೆರೆದು ಗೊರ್ ಎಂದು ಆಗೊಮ್ಮೆ ಈಗೊಮ್ಮೆ ಗಾಳಿ ಎಳೆಯಬಹುದು. ಅದು ಉಸಿರಾಟ ಅಲ್ಲ. ಇಲ್ಲೇ ದೊಡ್ಡ ಎಡವಟ್ಟು ಆಗುವುದು. 'ಫಿಟ್ಸ್ ಕಣೋ, ಕಬ್ಬಿಣ ಕೊಡಿ' ಅಂತ ಯಾರೋ ಕೂಗುತ್ತಾರೆ. ಕೈಗೆ ಬೈಕ್ ಕೀ ತುರುಕುತ್ತಾರೆ, ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ. ಎದೆ ಒತ್ತದೆ ಹೋದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇ 7ರಿಂದ 10ರಷ್ಟು ಇಳಿಯುತ್ತದೆ. ಕೀ ಹುಡುಕುವಷ್ಟರಲ್ಲಿ ಎರಡು ನಿಮಿಷ ಹೋಗಿರುತ್ತದೆ. ಅಂದ ಹಾಗೆ, ನಿಜವಾದ ಫಿಟ್ಸ್‌ಗೂ ಕಬ್ಬಿಣ ಬೇಡ, ಬಾಯಿಗೆ ಚಮಚ ಬೇಡ. ಸುತ್ತಲಿನ ವಸ್ತು ಸರಿಸಿ, ಅದುರುವುದು ನಿಂತ ಮೇಲೆ ಮಗ್ಗುಲಿಗೆ ಮಲಗಿಸಿ, ಉಸಿರು ನೋಡಿ. 5 ನಿಮಿಷ ದಾಟಿದರೆ 108.

ಭುಜ ತಟ್ಟಿ ಜೋರಾಗಿ ಕೂಗಿ. ಉತ್ತರ ಇಲ್ಲ, ಉಸಿರು ಸರಿಯಿಲ್ಲ ಅಂದರೆ ನಾಡಿ ಹುಡುಕುತ್ತಾ ಕೂರಬೇಡಿ. ಒಬ್ಬರು ಫೋನ್ ಮಾಡಲಿ, ನೀವು ಮಂಡಿಯೂರಿ ಎದೆಯ ನಡುವೆ, ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈ ಬುಡ ಇಟ್ಟು ಒತ್ತಲು ಶುರು ಮಾಡಿ. ಮೊಣಕೈ ಮಡಿಸಬಾರದು. ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ. ತರಬೇತಿ ಇದ್ದವರು 30 ಒತ್ತಿಗೆ 2 ಉಸಿರು ಕೊಡಲಿ, ಇಲ್ಲದವರು ಸುಮ್ಮನೆ ಒತ್ತುತ್ತಲೇ ಇರಲಿ. 2 ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಿ, ಸುಸ್ತಾದ ಕೈ ಆಳಕ್ಕೆ ಹೋಗುವುದಿಲ್ಲ. ಹತ್ತಿರದಲ್ಲಿ ಎಇಡಿ, ಅಂದರೆ ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರ, ಇದ್ದರೆ ತರಿಸಿ, ಏನು ಮಾಡಬೇಕೆಂದು ಅದೇ ಹೇಳುತ್ತದೆ. ಪಕ್ಕೆಲುಬು ಮುರಿದೀತು ಎಂಬ ಭಯ ಬೇಡ. ಮುರಿದ ಪಕ್ಕೆಲುಬನ್ನು ನಾವು ಸರಿ ಮಾಡುತ್ತೇವೆ.

2025ರ ಜೂನ್, ಜುಲೈನಲ್ಲಿ ಪಕ್ಕದ ಹಾಸನದಿಂದ ಹೃದಯಾಘಾತದ ಸುದ್ದಿ ಸಾಲಾಗಿ ಬಂತು. ಜನ ಇಸಿಜಿ ಮಾಡಿಸಲು ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಆ ಭಯದಲ್ಲಿ ಅರ್ಧದಷ್ಟಾದರೂ ಎದೆ ಒತ್ತುವುದನ್ನು ಕಲಿಯುವ ಕಡೆ ಹರಿದಿದ್ದರೆ ಎಂದು ನನಗೆ ಆಗಾಗ ಅನ್ನಿಸುತ್ತದೆ. ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ಕೆಲಸ ಅದು.

ಮೂಗಿನಲ್ಲಿ ರಕ್ತ ಬಂದರೆ ತಲೆ ಮೇಲೆತ್ತಿಸಬೇಡಿ. ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆ ಭಾಗವನ್ನು 10 ನಿಮಿಷ ಬಿಡದೆ ಹಿಡಿಯಿರಿ. ಶಾಶ್ವತ ಹಲ್ಲು ಬೇರು ಸಮೇತ ಬಂದರೆ ಬೇರು ಮುಟ್ಟದೆ ಎತ್ತಿ, ಹಾಲಿನಲ್ಲಿ ಹಾಕಿ ಅರ್ಧ ಗಂಟೆಯೊಳಗೆ ದಂತವೈದ್ಯರ ಹತ್ತಿರ ಹೋಗಿ. ಟೀ ಅಂಗಡಿಯಲ್ಲಿ ಹಾಲು ಸಿಗುತ್ತದೆ, ತಣ್ಣಗಿರಬೇಕು ಅಷ್ಟೇ. ಹಾಲು ಹಲ್ಲಾದರೆ ವಾಪಸ್ ಕೂರಿಸುವ ಗೋಜು ಇಲ್ಲ.

ಮೊದಲ ಪಂದ್ಯಕ್ಕೆ ಮುಂಚೆ ಮೈದಾನ ಒಂದು ಸುತ್ತು ಹಾಕಿ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಎಷ್ಟೋ ಮೈದಾನಗಳಲ್ಲಿ ನೆಟ್‌ವರ್ಕ್ ಒಂದೇ ಮೂಲೆಯಲ್ಲಿ ಸಿಗುತ್ತದೆ. ಆ ಮೂಲೆ ಯಾವುದು ಎಂದು ನೋಡಿಟ್ಟುಕೊಳ್ಳಿ. ಗೇಟಿನ ಕೀ ಯಾರ ಹತ್ತಿರ ಇದೆ? ಶಾಮಿಯಾನದ ಹಗ್ಗ ಅಡ್ಡ ಇದ್ದರೆ ಆಂಬುಲೆನ್ಸ್ ಒಳಗೆ ಬರುತ್ತಾ? ಐಸ್ ಎಲ್ಲಿ ಸಿಗುತ್ತದೆ? ಮೀನಿನ ಅಂಗಡಿಯ ಐಸ್ ಆದರೂ ಪರವಾಗಿಲ್ಲ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಳಸಿ. ಎಂಟ್ರಿ ಫಾರಂನಲ್ಲಿ ಹುಟ್ಟಿದ ದಿನಾಂಕಕ್ಕೆ ಮೂರು ದಾಖಲೆ ಕೇಳುತ್ತೇವೆ. ಆಸ್ತಮಾ, ಫಿಟ್ಸ್, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದೆಯಾ, ಆಡುವಾಗ ಯಾವತ್ತಾದರೂ ತಲೆ ತಿರುಗಿ ಬಿದ್ದದ್ದಿದೆಯಾ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ದಿಢೀರ್ ಹೋದವರಿದ್ದಾರಾ, ಇದಕ್ಕೆ ಒಂದು ಸಾಲು ಸೇರಿಸಿ. ಇನ್ಹೇಲರ್ ಇರುವ ಮಗು ಅದನ್ನು ಹಾಸ್ಟೆಲ್ ಬ್ಯಾಗಿನಲ್ಲಿ ಬಿಟ್ಟು ಬಂದಿರುತ್ತದೆ. ಬಸ್ ಹತ್ತುವಾಗಲೇ ಕೇಳಿ.